ಕಾಂಟ್ರ್ಯಾಕ್ಟ್-1 ಪೇಪರ್ ದಾಟುವ ದಾರಿ

ಕಾನೂನು ಪದವಿಯ ಕಾಂಟ್ರ್ಯಾಕ್ಟ್ ಪೇಪರ್ ಮಾಡುವ ಮೊದಲ ಮೋಸವೆಂದರೆ ಗೊತ್ತಿರುವ ವಿಷಯದಂತೆ ಕಾಣುವುದು. ಬಾಡಿಗೆ ಮನೆ ಹಿಡಿದವರಿಗೆ, ಸಾಲ ಕೊಟ್ಟು ಕೈಸುಟ್ಟುಕೊಂಡವರಿಗೆ, ಮುಂಗಡ ಕೊಟ್ಟು ಕಾದವರಿಗೆಲ್ಲ ಕರಾರು ಅಂದರೇನು ಅಂತ ಒಂದು ಅಂದಾಜು ಇದ್ದೇ ಇರುತ್ತದೆ. ಪರೀಕ್ಷೆಯಲ್ಲಿ ಕೈಕೊಡುವುದು ಈ ಅಂದಾಜೇ. ಪ್ರಶ್ನೆ ಓದಿದ ಕೂಡಲೇ ಯಾರಿಗೆ ಅನ್ಯಾಯವಾಗಿದೆ ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ, ಪೆನ್ನು ಅದರ ಹಿಂದೆ ಓಡುತ್ತದೆ. ಎರಡು ಪುಟ ತುಂಬಿದರೂ ಅಂಕ ಬರುವುದಿಲ್ಲ, ಯಾಕೆಂದರೆ ಕೇಳಿದ್ದು 1872ರ ಭಾರತೀಯ ಕರಾರು ಅಧಿನಿಯಮ ಏನು ಹೇಳುತ್ತದೆ ಎಂದು.

ಇನ್ನೊಂದು ತುದಿಯಲ್ಲಿ ಸೆಕ್ಷನ್‌ಗಳನ್ನು ಗಿಳಿಪಾಠ ಒಪ್ಪಿಸುವವರು ಇರುತ್ತಾರೆ. ಅವರಿಗೆ ಅನುಚಿತ ಪ್ರಭಾವದ ಸೆಕ್ಷನ್ 16 ಪೂರ್ತಿ ಬರುತ್ತದೆ, ಆದರೆ ಕೊಟ್ಟ ಪ್ರಾಬ್ಲಂನಲ್ಲಿ, ಅಂದರೆ ಬಿಡಿಸಲು ಕೊಟ್ಟ ಕಲ್ಪಿತ ಪ್ರಸಂಗದಲ್ಲಿ, ಅದು ಬೇಕೋ ಬೇಡವೋ ತಿಳಿಯುವುದಿಲ್ಲ. ಈ ಪೇಪರ್ ಪಳಗಬೇಕಾದರೆ ಕಾಯ್ದೆಯನ್ನು ಒಂದರ ಹಿಂದೆ ಒಂದು ಕೇಳಬೇಕಾದ ಪ್ರಶ್ನೆಗಳ ಸಾಲಾಗಿ ಓದಬೇಕು. ಆ ಸಾಲನ್ನು ಕಟ್ಟಿಕೊಳ್ಳುವ ಬಗೆ ಹೀಗೆ.

ಮೊದಲು ಬೇರ್ ಆ್ಯಕ್ಟ್, ಗೈಡ್ ಆಮೇಲೆ

ಬೇರ್ ಆ್ಯಕ್ಟ್ ಅಂದರೆ ವ್ಯಾಖ್ಯಾನವಿಲ್ಲದ ಕಾಯ್ದೆಯ ಮೂಲ ಪಠ್ಯ. ಅದರಲ್ಲಿ ಕೊನೆಯ ಸೆಕ್ಷನ್ 266 ಎಂದು ನೋಡಿ ಗಾಬರಿಯಾಗಬೇಡಿ. 76ರಿಂದ 123ರವರೆಗಿನದು 1930ರಲ್ಲಿ ಸರಕು ಮಾರಾಟದ ಕಾಯ್ದೆಗೆ ಹೋಯಿತು, 239ರಿಂದ 266ರವರೆಗಿನದು 1932ರಲ್ಲಿ ಪಾಲುದಾರಿಕೆ ಕಾಯ್ದೆಗೆ ಹೋಯಿತು. 124ರಿಂದ 238ರವರೆಗಿನ ಜಾಮೀನು, ನಿಕ್ಷೇಪ (ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಡುವುದು), ಏಜೆನ್ಸಿ ಸಾಮಾನ್ಯವಾಗಿ ಕಾಂಟ್ರ್ಯಾಕ್ಟ್-2ರ ಪಾಲು. ನಿಮಗೆ ಉಳಿಯುವುದು 1ರಿಂದ 75. ಹಲವು ವಿಶ್ವವಿದ್ಯಾಲಯಗಳು ಇದೇ ಪೇಪರ್‌ಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯನ್ನೂ ಸೇರಿಸುತ್ತವೆ. ಸಿಲಬಸ್ ನೋಡಿ ಖಚಿತ ಮಾಡಿಕೊಳ್ಳಿ. ಅದು ಇದ್ದರೆ 2018ರ ತಿದ್ದುಪಡಿಯ ನಂತರ ಅಚ್ಚಾದ ಪುಸ್ತಕವೇ ಬೇಕು. ಕರಾರನ್ನು ಇದ್ದಂತೆಯೇ ಪಾಲಿಸುವಂತೆ ಆದೇಶಿಸುವುದು ಕೋರ್ಟಿನ ವಿವೇಚನೆಗೆ ಬಿಟ್ಟದ್ದು ಎನ್ನುವ ಹಳೆಯ ಪಾಠವನ್ನು ಆ ತಿದ್ದುಪಡಿ ತೆಗೆದುಹಾಕಿದೆ. ಸೀನಿಯರ್‌ಗಳಿಂದ ಕೈಯಿಂದ ಕೈಗೆ ಬಂದ ಜೆರಾಕ್ಸ್ ನೋಟ್ಸ್‌ನಲ್ಲಿ ಮಾತ್ರ ಅದು ಇನ್ನೂ ಜೀವಂತವಾಗಿದೆ.

ಒಂದು ಸಲಕ್ಕೆ ಹತ್ತು ಹನ್ನೆರಡು ಸೆಕ್ಷನ್ ಸಾಕು, ವಾರದಲ್ಲಿ ಮೊದಲ ಸುತ್ತು ಮುಗಿಯುತ್ತದೆ. ಈ ಸುತ್ತಿನಲ್ಲಿ ಬಾಯಿಪಾಠ ಬೇಡ. ಪ್ರತಿ ಸೆಕ್ಷನ್‌ನ ಎದುರು, ಅದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಎಂದು ಪೆನ್ಸಿಲಿನಲ್ಲಿ ಒಂದು ಸಾಲು ಬರೆಯಿರಿ. ಸೆಕ್ಷನ್ 7ರ ಎದುರು ‘ಷರತ್ತು ಬದಲಿಸಿ ಹೂಂ ಅಂದರೆ ಅಂಗೀಕಾರವೇ?’, ಸೆಕ್ಷನ್ 22ರ ಎದುರು ‘ಒಬ್ಬನೇ ತಪ್ಪು ತಿಳಿದಿದ್ದರೆ ಕರಾರು ಉಳಿಯುತ್ತದೆಯೇ?’, ಹೀಗೆ.

ದೃಷ್ಟಾಂತಗಳನ್ನು ಹಾರಿಸಬೇಡಿ. ಸೆಕ್ಷನ್ ಕೆಳಗೆ ಸಣ್ಣ ಅಕ್ಷರದಲ್ಲಿರುವ ‘ಎ’ ಮತ್ತು ‘ಬಿ’ಗಳ ಪುಟ್ಟ ಪ್ರಸಂಗಗಳು ಶಾಸನದ ಭಾಗವೇ. ಪ್ರಶ್ನೆ ಪತ್ರಿಕೆ ತೆಗೆಯುವವರು ಎ, ಬಿ ಜಾಗದಲ್ಲಿ ರಾಮ, ಸೋಮ ಎಂದು ಹಾಕಿ ಇವನ್ನೇ ಕೇಳುವುದೂ ಉಂಟು. ಸೆಕ್ಷನ್ 17ರ ಕುದುರೆಯನ್ನೇ ನೋಡಿ. ಕುದುರೆಗೆ ದೋಷವಿದೆ ಎಂದು ಎಗೆ ಗೊತ್ತು, ಹರಾಜಿನಲ್ಲಿ ಬಿಗೆ ಮಾರುವಾಗ ಸುಮ್ಮನಿರುತ್ತಾನೆ. ಇದು ವಂಚನೆಯಲ್ಲ. ಮುಂದಿನ ದೃಷ್ಟಾಂತದಲ್ಲಿ ಬಿ ಎಂಬಾಕೆ ಎಯ ಮಗಳು, ಈಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದವಳು. ಈಗ ಸಂಬಂಧದ ಕಾರಣಕ್ಕೆ ಎ ದೋಷ ಹೇಳಲೇಬೇಕು. ಮೂರನೆಯದರಲ್ಲಿ ‘ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದುಕೊಳ್ಳುತ್ತೇನೆ’ ಎಂದು ಬಿ ಹೇಳುತ್ತಾನೆ, ಎ ತುಟಿ ಬಿಚ್ಚುವುದಿಲ್ಲ. ಆ ಮೌನ ಮಾತಿಗೆ ಸಮ. ಕುದುರೆ ಒಂದೇ, ದೋಷ ಒಂದೇ, ಮೌನವೂ ಒಂದೇ. ಬದಲಾದ ಒಂದು ಸಂಗತಿ ಉತ್ತರವನ್ನು ತಿರುಗಿಸಿದೆ. ಪ್ರಾಬ್ಲಂ ಓದುವಾಗ ಯಾವ ಸಂಗತಿಯ ಮೇಲೆ ಕಣ್ಣಿಡಬೇಕು ಎಂಬುದಕ್ಕೆ ಇಷ್ಟು ಒಳ್ಳೆಯ ಅಭ್ಯಾಸ ಯಾವ ಗೈಡ್‌ನಲ್ಲೂ ಸಿಗದು.

ಪ್ರಶ್ನೆಗಳ ಸಾಲು

ಸೆಕ್ಷನ್ 2ರ ವ್ಯಾಖ್ಯೆಗಳನ್ನು ಬಿಡಿಬಿಡಿಯಾಗಿ ಉರುಹೊಡೆದರೆ ವಾರದಲ್ಲಿ ಮರೆಯುತ್ತವೆ. ಅವು ಸರಪಳಿ. 2(ಎ) ಪ್ರಸ್ತಾವ, 2(ಬಿ) ಅದನ್ನು ಅಂಗೀಕರಿಸಿದರೆ ವಾಗ್ದಾನ, 2(ಡಿ) ಪ್ರತಿಫಲ (ವಾಗ್ದಾನಕ್ಕೆ ಬದಲಾಗಿ ಕೊಡುವುದು ಅಥವಾ ಮಾಡುವುದು), 2(ಇ) ವಾಗ್ದಾನಕ್ಕೆ ಪ್ರತಿಫಲ ಸೇರಿದರೆ ಒಪ್ಪಂದ, 2(ಎಚ್) ಕಾನೂನಿನ ಮೂಲಕ ಜಾರಿ ಮಾಡಿಸಬಹುದಾದ ಒಪ್ಪಂದವೇ ಕರಾರು. ಜಾರಿ ಮಾಡಿಸಲು ಏನೇನಿರಬೇಕು ಎಂದು ಸೆಕ್ಷನ್ 10 ಹೇಳುತ್ತದೆ. 11ರಿಂದ 30ರವರೆಗೆ ಸೆಕ್ಷನ್ 10ರ ಒಂದೊಂದು ತುಂಡಿನ ವಿಸ್ತರಣೆ.

ಒಂದೇ ಹಾಳೆಯಲ್ಲಿ ಇದನ್ನು ಹೀಗೆ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ:

1. ಪ್ರಸ್ತಾವ ಇದೆಯೇ, ಪ್ರಸ್ತಾವ ಮಾಡಿ ಎಂಬ ಬರೀ ಆಹ್ವಾನವೇ?
2. ಅಂಗೀಕಾರ ಪೂರ್ಣವಾಗಿದೆಯೇ, ಅದಕ್ಕೆ ಮುಂಚೆ ಯಾರಾದರೂ ಹಿಂದೆಗೆದರೇ? (3ರಿಂದ 9)
3. ಪ್ರತಿಫಲ ಇದೆಯೇ? ಇಲ್ಲದಿದ್ದರೆ 25ರ ವಿನಾಯಿತಿ ಸಿಗುತ್ತದೆಯೇ?
4. ಇಬ್ಬರೂ ಕರಾರಿಗೆ ಅರ್ಹರೇ? (11, 12)
5. ಸಮ್ಮತಿ ಮುಕ್ತವೇ? (13ರಿಂದ 22)
6. ಉದ್ದೇಶ, ಪ್ರತಿಫಲ ಕಾನೂನುಬದ್ಧವೇ? (23, 24)
7. ಕಾಯ್ದೆಯೇ ವಾಯ್ಡ್ (ಕಾನೂನಿನ ಕಣ್ಣಲ್ಲಿ ಶೂನ್ಯ) ಎಂದು ಸಾರಿದ ಪಟ್ಟಿಯಲ್ಲಿದೆಯೇ? (26ರಿಂದ 30)
8. ಕರಾರು ಹುಟ್ಟಿದೆ ಎಂದಾದರೆ, ಅದು ಹೇಗೆ ಮುಗಿಯಿತು? ಮುರಿದಿದ್ದರೆ ಪರಿಹಾರವೇನು? (37ರಿಂದ 67, 73ರಿಂದ 75)

ಮುಂಚಿನ ಮೆಟ್ಟಿಲಲ್ಲೇ ಬಿದ್ದ ಒಪ್ಪಂದವನ್ನು ಮುಂದಿನ ಮೆಟ್ಟಿಲಿಗೆ ಎಳೆದುಕೊಂಡು ಹೋಗುವುದು ಮೊದಲ ವರ್ಷದವರ ಮಾಮೂಲಿ ತಪ್ಪು. ಹದಿನೇಳರ ಹುಡುಗ ಮನೆ ಅಡವಿಟ್ಟು ಸಾಲ ಪಡೆದ ಪ್ರಸಂಗಕ್ಕೆ ಅನುಚಿತ ಪ್ರಭಾವದ ಬಗ್ಗೆ ಒಂದು ಪುಟ ಬರೆಯುವವರಿದ್ದಾರೆ. ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. 1903ರ ಮೊಹೊರಿ ಬೀಬಿ ವಿರುದ್ಧ ಧರ್ಮೋದಾಸ್ ಘೋಷ್ ಪ್ರಕರಣದಲ್ಲಿ ಆಗಿನ ಅತ್ಯುನ್ನತ ಮೇಲ್ಮನವಿ ನ್ಯಾಯಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಪ್ರಾಪ್ತ ವಯಸ್ಕನ ಒಪ್ಪಂದ ಮೊದಲಿನಿಂದಲೇ ವಾಯ್ಡ್ ಎಂದಿತು. 64, 65ರ ಅಡಿ ಹಣ ವಾಪಸ್ ಕೊಡಿಸಿ ಎಂಬ ಬೇಡಿಕೆಯನ್ನೂ ಒಪ್ಪಲಿಲ್ಲ, ಏಕೆಂದರೆ ಆ ಸೆಕ್ಷನ್‌ಗಳು ಕರಾರಿಗೆ ಅರ್ಹರಾದವರ ನಡುವಿನವು. ಅಡಮಾನದ ಮೊತ್ತ 20,000 ರೂಪಾಯಿ ಎಂಬುದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಈ ಎರಡನೆಯ ಭಾಗವನ್ನು ಬಿಡುತ್ತಾರೆ. ಅಂಕ ಇರುವುದು ಅಲ್ಲಿ.

ವಾಯ್ಡ್, ವಾಯ್ಡಬಲ್ (ನೊಂದವನು ಬೇಕಾದರೆ ರದ್ದುಪಡಿಸಬಹುದಾದದ್ದು) ಗೊಂದಲಕ್ಕೆ ಎರಡು ಕಾಲಂ ಮಾಡಿ. ವಾಯ್ಡ್ ಕಡೆಗೆ 11, 20, 23ರಿಂದ 30, 56. ವಾಯ್ಡಬಲ್ ಕಡೆಗೆ 19 ಮತ್ತು 19ಎ, ಅಂದರೆ ಬಲಾತ್ಕಾರ, ವಂಚನೆ, ತಪ್ಪು ನಿರೂಪಣೆ, ಅನುಚಿತ ಪ್ರಭಾವ. 53, 55 ಕೂಡ ಅಲ್ಲೇ. 21 ಮತ್ತು 22ನ್ನು ಎರಡೂ ಕಾಲಂಗಳ ಹೊರಗೆ ಬರೆಯಿರಿ. ಭಾರತದ ಕಾನೂನನ್ನು ತಪ್ಪಾಗಿ ತಿಳಿದಿದ್ದೆ ಎಂಬ ಕಾರಣಕ್ಕೆ ಕರಾರು ವಾಯ್ಡಬಲ್ ಆಗದು; ಒಬ್ಬನೇ ಸಂಗತಿಯನ್ನು ತಪ್ಪು ತಿಳಿದಿದ್ದ ಎಂಬಷ್ಟಕ್ಕೂ ಆಗದು. ಸಮ್ಮತಿಯ ಅಧ್ಯಾಯದಲ್ಲಿದೆ ಎಂಬ ಕಾರಣಕ್ಕೆ ಇವನ್ನೂ ವಾಯ್ಡಬಲ್ ಪಟ್ಟಿಗೆ ಸೇರಿಸುವವರು ಬಹಳ.

ಸೆಕ್ಷನ್ 4 ಮತ್ತು 5: ಗೆರೆ ಎಳೆಯದೆ ಬಿಡಿಸಬೇಡಿ

ಪೇಪರ್‌ನಲ್ಲಿ ತಲೆ ಕೆಡಿಸುವ ಜಾಗ ಇದೇ. ಸೆಕ್ಷನ್ 4ರ ಪ್ರಕಾರ ಅಂಗೀಕಾರ ಪೂರ್ಣವಾಗುವುದಕ್ಕೆ ಎರಡು ಬೇರೆ ಗಳಿಗೆಗಳಿವೆ. ಪ್ರಸ್ತಾವ ಮಾಡಿದವನ ಮಟ್ಟಿಗೆ, ಅಂಗೀಕಾರದ ಪತ್ರ ಅಂಗೀಕರಿಸಿದವನ ಕೈತಪ್ಪಿ ಅಂಚೆಗೆ ಬಿದ್ದಾಗ. ಅಂಗೀಕರಿಸಿದವನ ಮಟ್ಟಿಗೆ, ಆ ಪತ್ರ ಪ್ರಸ್ತಾವ ಮಾಡಿದವನಿಗೆ ತಿಳಿದಾಗ. ಹಿಂದೆಗೆತಕ್ಕೂ ಹೀಗೇ ಎರಡು ಗಳಿಗೆ: ಕಳಿಸಿದವನ ಮಟ್ಟಿಗೆ ರವಾನೆಯಾದಾಗ, ಪಡೆಯುವವನ ಮಟ್ಟಿಗೆ ಅವನಿಗೆ ತಿಳಿದಾಗ. ಓದಿ ನೆನಪಿಡಲು ಹೋದರೆ ಪರೀಕ್ಷೆಯ ಹಾಲ್‌ನಲ್ಲಿ ಖಂಡಿತ ತಿರುಗುಮುರುಗಾಗುತ್ತದೆ. ಹಾಳೆಯ ಅಂಚಿನಲ್ಲಿ ಅಡ್ಡಗೆರೆ ಎಳೆದು ದಿನಾಂಕ ಗುರುತಿಸಿ.

ಎ 1ನೇ ತಾರೀಖು ಮನೆ ಮಾರುವ ಪ್ರಸ್ತಾವ ಅಂಚೆಗೆ ಹಾಕಿದ, ಬಿಗೆ 4ಕ್ಕೆ ಸಿಕ್ಕಿತು. ಎ ಮನಸ್ಸು ಬದಲಿಸಿ 3ರಂದೇ ಹಿಂದೆಗೆತದ ಪತ್ರ ಹಾಕಿದ, ಅದು ಬಿಗೆ ತಲುಪಿದ್ದು 6ಕ್ಕೆ. ಬಿ 5ರಂದು ಒಪ್ಪಿಗೆ ಪತ್ರ ಹಾಕಿದ, ಅದು ಎಗೆ 8ಕ್ಕೆ ಬಂತು. ಕರಾರು ಆಯಿತೇ?

ಗೆರೆಯ ಮೇಲೆ 5ಕ್ಕೆ ‘ಎ ಬಂಧಿತ’ ಎಂದು ಬರೆಯಿರಿ, 8ಕ್ಕೆ ‘ಬಿ ಬಂಧಿತ’ ಎಂದು. ಪ್ರಸ್ತಾವವನ್ನು 5ಕ್ಕೆ ಮುಂಚೆ ಮಾತ್ರ ಹಿಂದೆಗೆಯಬಹುದು. ಎಯ ಪತ್ರ 3ರಂದೇ ಹೊರಟಿದ್ದರೂ ಬಿಗೆ ಸಂಬಂಧಪಟ್ಟಂತೆ ಅದು ಪೂರ್ಣವಾದದ್ದು 6ಕ್ಕೆ. ತಡವಾಯಿತು, ಕರಾರು ಆಗಿದೆ. ಇಲ್ಲಿಗೆ ನಿಲ್ಲಿಸಬೇಡಿ. 7ನೇ ತಾರೀಖು ಬಿ ಫೋನ್ ಮಾಡಿ ಒಪ್ಪಿಗೆ ವಾಪಸ್ ಎಂದಿದ್ದರೆ? 8ರವರೆಗೆ ಅವನಿಗೆ ದಾರಿ ತೆರೆದೇ ಇತ್ತು. 5ಕ್ಕೂ 8ಕ್ಕೂ ನಡುವೆ ಎ ಕಟ್ಟಿಹಾಕಿಸಿಕೊಂಡಿದ್ದಾನೆ, ಬಿ ಇನ್ನೂ ಸ್ವತಂತ್ರ. ಇಂಗ್ಲಿಷ್ ಕಾನೂನಿನ ಅಂಚೆ ನಿಯಮದಲ್ಲಿ ಈ ಎರಡು ಗಳಿಗೆಗಳ ಭೇದವಿಲ್ಲ. ಆ ನಿಯಮವನ್ನು ಹಾಗೇ ಇಲ್ಲಿಗೆ ಎತ್ತಿ ಬರೆದರೆ ಉತ್ತರ ತಪ್ಪುತ್ತದೆ.

ಫೋನಿನಲ್ಲೇ ಒಪ್ಪಿಗೆ ಆಗಿದ್ದರೆ ಈ ಗೆರೆ ಬೇಕಿಲ್ಲ. 1966ರ ಭಗವಾನ್‌ದಾಸ್ ಕೇಡಿಯಾ ಪ್ರಕರಣದಲ್ಲಿ ಅಹಮದಾಬಾದಿನಿಂದ ಫೋನಿನಲ್ಲಿ ಪ್ರಸ್ತಾವ ಹೋಗಿತ್ತು, ಖಾಮಗಾಂವ್‌ನಿಂದ ಒಪ್ಪಿಗೆ ಬಂದಿತ್ತು. ಒಪ್ಪಿಗೆಯ ಮಾತು ಕೇಳಿಬಂದ ಜಾಗವಾದ ಅಹಮದಾಬಾದಿನಲ್ಲೇ ಕರಾರು ಆಯಿತೆಂದು ಸುಪ್ರೀಂ ಕೋರ್ಟಿನ ಬಹುಮತ ಹೇಳಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರದು ಭಿನ್ನಮತ. ಸೆಕ್ಷನ್ 4ರ ಭಾಷೆ ಫೋನಿಗೂ ಅನ್ವಯಿಸುತ್ತದೆ ಎಂಬುದು ಅವರ ವಾದ. ಒಂದು ವಾಕ್ಯದಲ್ಲಾದರೂ ಆ ಭಿನ್ನಮತವನ್ನು ಉಲ್ಲೇಖಿಸಿದರೆ ತೀರ್ಪನ್ನು ಓದಿದ್ದೀರಿ ಎಂದು ಗೊತ್ತಾಗುತ್ತದೆ.

ಕೇಸ್‌ಗಳು: ಕತೆ ಕಮ್ಮಿ, ತಿರುವು ಮುಖ್ಯ

ಇಪ್ಪತ್ತೈದು ಮೂವತ್ತು ಕೇಸ್ ಚೆನ್ನಾಗಿ ಗೊತ್ತಿದ್ದರೆ ಈ ಪೇಪರ್‌ಗೆ ಧಾರಾಳವಾಯಿತು. ಪ್ರತಿಯೊಂದಕ್ಕೂ ನಾಲ್ಕೈದು ಸಾಲು: ಸಂಗತಿ ಎರಡು ಸಾಲಿನಲ್ಲಿ, ವಿವಾದದ ಪ್ರಶ್ನೆ, ತೀರ್ಪು, ಯಾವ ಸೆಕ್ಷನ್‌ಗೆ ಸೇರಿದ್ದು. ಐದನೆಯ ಸಾಲಾಗಿ ‘ಯಾವ ಸಂಗತಿ ಬೇರೆಯಾಗಿದ್ದರೆ ತೀರ್ಪು ತಿರುಗುತ್ತಿತ್ತು’ ಎಂದು ಸೇರಿಸಿ. ಉದಾಹರಣೆಗೆ 1893ರ ಕಾರ್ಲಿಲ್ ಪ್ರಕರಣ. ಸ್ಮೋಕ್ ಬಾಲ್ ಎಂಬ ರೋಗ ತಡೆಯುವ ಸಾಧನ ಬಳಸಿಯೂ ಇನ್‌ಫ್ಲುಯೆಂಜಾ ಬಂದವರಿಗೆ 100 ಪೌಂಡ್ ಕೊಡುವುದಾಗಿ ಕಂಪನಿ ಜಾಹೀರಾತು ಹಾಕಿತ್ತು, ಮಾತಿಗೆ ಪುರಾವೆಯಾಗಿ ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿದ್ದೇವೆ ಎಂದೂ ಹೇಳಿತ್ತು. ಬರೀ ಜಂಬದ ಜಾಹೀರಾತು ಎಂಬ ವಾದ ಬಿದ್ದುಹೋಗಲು ಈ ಠೇವಣಿಯ ಮಾತು ದೊಡ್ಡ ಕಾರಣ. ಅದಿಲ್ಲದ ಜಾಹೀರಾತನ್ನು ಪ್ರಾಬ್ಲಂನಲ್ಲಿ ಕೊಟ್ಟರೆ ಕಾರ್ಲಿಲ್ ಹೆಸರು ಬರೆದು ಕೈತೊಳೆದುಕೊಳ್ಳಲಾಗದು, ವಾದಿಸಬೇಕು.

ಇಂಗ್ಲಿಷ್ ಕೇಸ್‌ಗಳ ಬಗ್ಗೆ ಒಂದು ಎಚ್ಚರ ಬೇಕು. ಪಠ್ಯಪುಸ್ತಕದ ಅರ್ಧದಷ್ಟು ಅವೇ ತುಂಬಿರುತ್ತವೆ, ಆದರೆ ನಮ್ಮ ಕಾಯ್ದೆ ಕೆಲವು ಕಡೆ ಬೇಕೆಂದೇ ಬೇರೆ ದಾರಿ ಹಿಡಿದಿದೆ. ಪ್ರತಿಫಲ ವಾಗ್ದಾನ ಪಡೆದವನಿಂದಲೇ ಬರಬೇಕೆಂಬುದು ಅಲ್ಲಿನ ನಿಯಮ. ಇಲ್ಲಿ 2(ಡಿ) ‘ಅಥವಾ ಬೇರೆ ಯಾರೇ’ ಎನ್ನುತ್ತದೆ. 1882ರ ಮದ್ರಾಸಿನ ಚಿನ್ನಯ್ಯ ವಿರುದ್ಧ ರಾಮಯ್ಯ ಇದಕ್ಕೆ ಆಧಾರ. ದಂಡದ ಮೊತ್ತ, ಮೊದಲೇ ನಿಗದಿಯಾದ ನಷ್ಟದ ಮೊತ್ತ ಎಂಬ ಅಲ್ಲಿನ ಭೇದವನ್ನು ಸೆಕ್ಷನ್ 74 ಅಳಿಸಿದೆ. ಕರಾರು ಅಸಾಧ್ಯವಾಗುವ ವಿಚಾರದಲ್ಲಂತೂ ಸುಪ್ರೀಂ ಕೋರ್ಟಿನ 1954ರ ಸತ್ಯವ್ರತ ಘೋಷ್ ತೀರ್ಪು, ಸೆಕ್ಷನ್ 56 ಇರುವಾಗ ಇಂಗ್ಲಿಷ್ ಸಿದ್ಧಾಂತಗಳಲ್ಲಿ ತಡಕಾಡಬೇಕಿಲ್ಲ ಎಂದು ನೇರವಾಗಿಯೇ ಹೇಳಿದೆ. ನೋಟ್ಸ್‌ನಲ್ಲಿ ಇಂಥ ಜಾಗಗಳಿಗೆ ಕೆಂಪು ಗುರುತು ಹಾಕಿ.

ನಷ್ಟಪರಿಹಾರಕ್ಕೆ 1854ರ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಮತ್ತು ಸೆಕ್ಷನ್ 73ರ ದೃಷ್ಟಾಂತ (ಐ) ಎರಡನ್ನೂ ಒಟ್ಟಿಗೆ ಓದಿ. ದೃಷ್ಟಾಂತದಲ್ಲಿ ಗಿರಣಿಯ ಯಂತ್ರವನ್ನು ಸಾಗಣೆದಾರ ತಡವಾಗಿ ತಲುಪಿಸುತ್ತಾನೆ. ಯಂತ್ರವಿಲ್ಲದೆ ಗಿರಣಿ ನಿಂತಿದೆ ಎಂದು ಅವನಿಗೆ ಹೇಳಿದ್ದರೆ ಸರಾಸರಿ ಲಾಭ ಸಿಗುತ್ತದೆ. ಅವನಿಗೆ ಗೊತ್ತಿರದ ಸರ್ಕಾರಿ ಗುತ್ತಿಗೆ ಕೈತಪ್ಪಿದ ನಷ್ಟ ಸಿಗದು.

ಉತ್ತರ ಬರೆಯುವ ಕೆಲಸ

ಓದುವುದಕ್ಕೆ ಕೊಟ್ಟಷ್ಟೇ ಹೊತ್ತನ್ನು ಬರೆಯುವುದಕ್ಕೂ ಕೊಡಿ. ವಿವಾದದ ಪ್ರಶ್ನೆ, ನಿಯಮ, ಅನ್ವಯ, ತೀರ್ಮಾನ ಎಂಬ ನಾಲ್ಕು ಭಾಗದ ಕ್ರಮ ಎಲ್ಲ ಕಾಲೇಜಿನಲ್ಲೂ ಹೇಳಿಕೊಡುತ್ತಾರೆ. ಸೋಲುವುದು ಮೂರನೆಯದರಲ್ಲಿ. ಒಂದು ಪ್ರಾಬ್ಲಂ ನೋಡೋಣ.

ಶಂಕರನ ನಾಯಿ ಕಳೆದುಹೋಯಿತು. ಹುಡುಕಿಕೊಟ್ಟವರಿಗೆ 5,000 ರೂಪಾಯಿ ಎಂದು ಪೋಸ್ಟರ್ ಅಂಟಿಸಿದ. ಪೋಸ್ಟರ್ ನೋಡಿರದ ಗಿರಿಜಾ ನಾಯಿಯನ್ನು ಗುರುತು ಹಿಡಿದು ತಂದು ಒಪ್ಪಿಸಿದಳು. ಖುಷಿಯಲ್ಲಿ ಶಂಕರ ‘ನಾಳೆ ಬಾ, 3,000 ಕೊಡುತ್ತೇನೆ’ ಎಂದ. ಮರುದಿನ ಪೋಸ್ಟರ್ ಓದಿದ ಗಿರಿಜಾ 5,000 ಕೇಳಿದಳು. ಶಂಕರ ಒಂದು ಪೈಸೆಯೂ ಇಲ್ಲ ಎಂದ.

ಸಾಮಾನ್ಯ ಉತ್ತರ: ‘ಲಾಲ್‌ಮನ್ ಶುಕ್ಲಾ ವಿರುದ್ಧ ಗೌರಿ ದತ್ ಪ್ರಕರಣದಂತೆ ಪ್ರಸ್ತಾವ ಗೊತ್ತಿಲ್ಲದೆ ಅಂಗೀಕಾರ ಇಲ್ಲ, ಆದ್ದರಿಂದ ಗಿರಿಜಾಗೆ ಏನೂ ಸಿಗದು.’ ಅರ್ಧ ಸರಿ, ಅಂಕವೂ ಅರ್ಧ.

ಬರೆಯಬೇಕಾದದ್ದು ಹೀಗೆ. ಇಲ್ಲಿ ಎರಡು ಬೇಡಿಕೆಗಳಿವೆ, ಬೇರ್ಪಡಿಸಿ. 5,000ದ ಮಟ್ಟಿಗೆ, ನಾಯಿ ಒಪ್ಪಿಸುವಾಗ ಗಿರಿಜಾಗೆ ಪ್ರಸ್ತಾವ ತಿಳಿದಿರಲಿಲ್ಲ. 1913ರ ಲಾಲ್‌ಮನ್ ಪ್ರಕರಣದಲ್ಲಿ ಕಾಣೆಯಾದ ಹುಡುಗನನ್ನು ಹುಡುಕಲು ಹೋದ ಗುಮಾಸ್ತನಿಗೆ 501 ರೂಪಾಯಿ ಬಹುಮಾನದ ವಿಷಯ ತಿಳಿದದ್ದು ಹುಡುಗನನ್ನು ಪತ್ತೆ ಮಾಡಿದ ಮೇಲೆ. ಅಲಹಾಬಾದ್ ಹೈಕೋರ್ಟ್ ದಾವೆ ತಳ್ಳಿಹಾಕಿತು. ಆತ ಅದೇ ಮನೆಯ ನೌಕರ, ಹುಡುಕುವುದು ಅವನ ಕರ್ತವ್ಯವೇ ಆಗಿತ್ತು. ಗಿರಿಜಾ ಹೊರಗಿನವಳು. ಆದರೂ ಪ್ರಸ್ತಾವ ತಿಳಿಯದೆ ಅಂಗೀಕಾರ ಇಲ್ಲ ಎಂಬ ಭಾಗ ಅವಳಿಗೂ ಅನ್ವಯಿಸುತ್ತದೆ, 5,000 ಸಿಗದು. ಇನ್ನು 3,000. ನಾಯಿ ತಂದದ್ದು ಶಂಕರ ಕೇಳಿಕೊಂಡಿದ್ದಕ್ಕಲ್ಲ, ಆದ್ದರಿಂದ 2(ಡಿ) ಪ್ರಕಾರ ಪ್ರತಿಫಲವಿಲ್ಲ. ಆದರೆ ವಾಗ್ದಾನ ಮಾಡಿದವನಿಗಾಗಿ ಸ್ವಇಚ್ಛೆಯಿಂದ ಈಗಾಗಲೇ ಮಾಡಿದ ಕೆಲಸಕ್ಕೆ ಪರಿಹಾರ ಕೊಡುವ ಮಾತನ್ನು ಸೆಕ್ಷನ್ 25(2) ಉಳಿಸುತ್ತದೆ. ಸಿಕ್ಕಿದ ಪರ್ಸ್ ಹಿಂದಿರುಗಿಸಿದವನಿಗೆ 50 ರೂಪಾಯಿ ಕೊಡುತ್ತೇನೆ ಎಂದರೆ ಅದು ಕರಾರು ಎಂದು ಅಲ್ಲಿನ ದೃಷ್ಟಾಂತವೇ ಇದೆ. ಗಿರಿಜಾಗೆ 3,000 ಸಿಗುತ್ತದೆ.

ಅನ್ವಯದ ಭಾಗದಲ್ಲಿ ಪ್ರಾಬ್ಲಂನ ಪ್ರತಿ ಸಂಗತಿಯೂ ಒಮ್ಮೆ ಬಳಕೆಯಾಗಿದೆಯೇ ನೋಡಿ. ಯಾವುದಾದರೂ ಉಳಿದಿದ್ದರೆ ಒಂದು ವಿವಾದ ಕಣ್ಣು ತಪ್ಪಿದೆ ಎಂದೇ ಹೆಚ್ಚಿನ ಸಲ ಅರ್ಥ.

ಸಮಯದ ಲೆಕ್ಕ ಸರಳ. ಪತ್ರಿಕೆ 80 ಅಂಕಕ್ಕೆ 3 ಗಂಟೆಯದಾದರೆ ಓದಲು, ಕೊನೆಗೆ ತಿರುವಿ ನೋಡಲು 15 ನಿಮಿಷ ತೆಗೆದಿಡಿ. ಉಳಿದ 165 ನಿಮಿಷದಲ್ಲಿ ಅಂಕಕ್ಕೆ ಎರಡು ನಿಮಿಷ. 10 ಅಂಕದ ಉತ್ತರ 20 ನಿಮಿಷ ದಾಟಿದರೆ ಜಾಗ ಬಿಟ್ಟು ಮುಂದಿನದಕ್ಕೆ ಹೋಗಿ. ಮೊದಲ ಪ್ರಶ್ನೆಗೆ ಮುಕ್ಕಾಲು ಗಂಟೆ ಸುರಿದು ಕೊನೆಯದನ್ನು ಅರ್ಧಕ್ಕೆ ಬಿಟ್ಟವರು ನಷ್ಟಪಟ್ಟದ್ದು ಕೊನೆಯದರಲ್ಲೇ, ಮೊದಲನೆಯದರಲ್ಲಿ ಗಳಿಸಿದ್ದು ಹೆಚ್ಚೆಂದರೆ ಒಂದಂಕ.

ಕನ್ನಡ ಮಾಧ್ಯಮದಿಂದ ಬಂದವರು ಯಾವ ಭಾಷೆಯಲ್ಲಿ ಬರೆಯುವುದೆಂದು ಸೆಮಿಸ್ಟರ್ ಶುರುವಿನಲ್ಲೇ ತೀರ್ಮಾನಿಸಿ, ಅಭ್ಯಾಸದ ಉತ್ತರಗಳನ್ನೂ ಅದೇ ಭಾಷೆಯಲ್ಲಿ ಬರೆಯಿರಿ. ಕೊನೆಯ ವಾರದ ಬದಲಾವಣೆ ಯಾರಿಗೂ ಹೊಂದುವುದಿಲ್ಲ.

ವಾರದ ಓದು, ಗುಂಪಿನ ಓದು

ತರಗತಿ ಆದ ದಿನವೇ ಅರ್ಧ ಗಂಟೆ: ಅಂದಿನ ಸೆಕ್ಷನ್ ಬೇರ್ ಆ್ಯಕ್ಟ್‌ನಲ್ಲಿ ಮತ್ತೊಮ್ಮೆ, ಅಂದಿನ ಕೇಸ್‌ನ ಐದು ಸಾಲು. ವಾರಕ್ಕೊಮ್ಮೆ ಹಳೆಯ ಪ್ರಶ್ನೆ ಪತ್ರಿಕೆಯಿಂದ ಎರಡು ಪ್ರಾಬ್ಲಂ, ಪುಸ್ತಕ ಮುಚ್ಚಿ, ಗಡಿಯಾರ ಇಟ್ಟು. ಗುಂಪು ಮಾಡುವುದಾದರೆ ಮೂರು ನಾಲ್ಕು ಜನ ಸಾಕು. ಒಬ್ಬರು ಎಯ ಪರ, ಒಬ್ಬರು ಬಿಯ ಪರ ವಾದಿಸಿ, ಮೂರನೆಯವರು ಸೆಕ್ಷನ್ ಹೇಳದ ವಾದಕ್ಕೆಲ್ಲ ತಡೆ ಒಡ್ಡಲಿ. ‘ನೀನು ಮೊದಲ ಯುನಿಟ್ ನೋಟ್ಸ್ ಮಾಡು, ನಾನು ಎರಡನೆಯದು’ ಎಂಬ ಹಂಚಿಕೆ ಮಾತ್ರ ಬೇಡ. ಈ ವಿಷಯದಲ್ಲಿ ಕಲಿಯುವುದು ನೋಟ್ಸ್ ಮಾಡುವಾಗಲೇ; ಹಂಚಿಕೊಂಡರೆ ಒಬ್ಬೊಬ್ಬರಿಗೂ ಒಂದೊಂದೇ ಯುನಿಟ್ ಗೊತ್ತಿರುತ್ತದೆ.

ಹಿಂದೆ ಬಿದ್ದಿದ್ದರೆ

ಮೂರು ವಾರ ಉಳಿದಿದ್ದರೆ ಎಲ್ಲವನ್ನೂ ತೆಳ್ಳಗೆ ಓದುವ ಬದಲು ಆಯ್ದುಕೊಳ್ಳಿ. ಮೊದಲ ವಾರ 2ರಿಂದ 12. ಎರಡನೆಯ ವಾರ 13ರಿಂದ 30. ಇದರಲ್ಲಿ 16, 17, 23, 25, 27ಕ್ಕೆ ಹೆಚ್ಚು ಹೊತ್ತು. ಮೂರನೆಯ ವಾರ 56, 62ರಿಂದ 65, 73, 74 ಮತ್ತು ಬರೆಯುವ ಅಭ್ಯಾಸ. 68ರಿಂದ 72ರವರೆಗಿನ ಕರಾರು ಸದೃಶ ಸಂಬಂಧಗಳಿಗೆ (ಕರಾರಿಲ್ಲದಿದ್ದರೂ ಕಾನೂನು ಹೊರಿಸುವ ಹೊಣೆಗಳಿಗೆ) ಒಂದು ಸಂಜೆ ಸಾಕು, ಮುಂದಿನ ಘಟನೆಯ ಮೇಲೆ ನಿಂತ ಕರಾರುಗಳ 31ರಿಂದ 36ಕ್ಕೆ ಅದರ ಅರ್ಧ.

ಪೇಪರ್ ಉಳಿದೇ ಹೋಗಿದ್ದರೆ ಬ್ಯಾಕ್‌ಲಾಗ್ ಅನ್ನು ಕೊನೆಯ ವರ್ಷಕ್ಕೆ ತಳ್ಳಬೇಡಿ. ಕಾಂಟ್ರ್ಯಾಕ್ಟ್-2, ಸರಕು ಮಾರಾಟ, ಪಾಲುದಾರಿಕೆ, ಆಸ್ತಿ ವರ್ಗಾವಣೆ ಎಲ್ಲವೂ ಇದರ ಮೇಲೆ ನಿಂತಿವೆ. ಉತ್ತರ ಪತ್ರಿಕೆಯ ನಕಲು ಪಡೆಯಲು ನಿಮ್ಮ ವಿಶ್ವವಿದ್ಯಾಲಯದಲ್ಲಿ ಅವಕಾಶವಿದ್ದರೆ ಫಲಿತಾಂಶದ ದಿನವೇ ಕೊನೆಯ ದಿನಾಂಕ ನೋಡಿಕೊಳ್ಳಿ, ಗಡುವು ಸಾಮಾನ್ಯವಾಗಿ ಚಿಕ್ಕದು. ನಕಲು ಕೈಗೆ ಬಂದಾಗ ಒಟ್ಟು ಅಂಕ ಬಿಟ್ಟು ಪ್ರಾಬ್ಲಂಗಳ ಪುಟ ತೆರೆಯಿರಿ. ನಿಯಮ ಸರಿಯಿದ್ದೂ ಅಂಕ ಕಡಿತವಾಗಿದ್ದರೆ ಅನ್ವಯ ಬರೆಯುವ ಅಭ್ಯಾಸ ಸಾಲದು. ನಿಯಮವೇ ಬೇರೆ ಸೆಕ್ಷನ್‌ನದ್ದಾಗಿದ್ದರೆ ಮೇಲಿನ ಎಂಟು ಪ್ರಶ್ನೆಗಳ ಹಾಳೆಯಿಂದ ಮತ್ತೆ ಶುರುಮಾಡಿ. ಕೊನೆಯ ಪುಟಗಳು ಖಾಲಿಯಿದ್ದರೆ ಗಡಿಯಾರ ಇಟ್ಟು ಬರೆಯುವುದೊಂದೇ ಔಷಧಿ.